ಬೆಳ್ಳಗಿರುವುದೆಲ್ಲ ಹಾಲಲ್ಲ: ಸಂಘಕ್ಕೆ ಕೊಳ್ಳುವ ಸಿದ್ಧ ತಂತ್ರಾಂಶವನ್ನು ಪರೀಕ್ಷಿಸುವ ಬಗೆ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ದಿನ ಸಂಘದ ಗುಣಗಾನ ಮಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುವವರು ವೇದಿಕೆಯ ಮೇಲೆ ಇದ್ದಾರೆ. ನಮಗೆ ಆಡಳಿತ ಮಂಡಳಿಯವರು ಒಪ್ಪಿಸಿರುವ ವಿಷಯ ಬೇರೆ. ಸಂಘಕ್ಕೆ ಹೊಸ ಲೆಕ್ಕದ ತಂತ್ರಾಂಶ, ಅಂದರೆ ಸಾಫ್ಟ್‌ವೇರ್ ಕೊಳ್ಳಬೇಕಾಗಿದೆ. ಅದರ ಗುಣವನ್ನು ಅಳೆಯುವುದು ಹೇಗೆ ಎಂಬುದನ್ನು ಸದಸ್ಯರ ಮುಂದೆ ಇಡಬೇಕೆಂದು ಹೇಳಿದ್ದಾರೆ.

ನಾವು ಎಸ್.ಎಸ್.ಎಲ್.ಸಿ. ಓದಿದ ರೈತರು. ಗಣಕಯಂತ್ರದ ತಜ್ಞರಲ್ಲ. ಆದರೂ ಧೈರ್ಯವಾಗಿ ನಿಂತಿದ್ದೇವೆ. ಕಾರಣ ಇಷ್ಟೇ. ಹಸು ಕೊಳ್ಳುವವನು ಪಶುವೈದ್ಯನೇ ಆಗಿರಬೇಕಾಗಿಲ್ಲ. ಹಲ್ಲು ನೋಡುತ್ತಾನೆ, ಕೆಚ್ಚಲು ಮುಟ್ಟಿ ನೋಡುತ್ತಾನೆ, ಎರಡು ಹೊತ್ತು ಎದುರಿಗೇ ಕರೆಸಿ ನೋಡುತ್ತಾನೆ. ಆಮೇಲೆ ಹಣ ಎಣಿಸುತ್ತಾನೆ. ಕೆರೆಯೊಳಗೆ ಮಲಗಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವವನು ನಮ್ಮೂರಲ್ಲಿ ಯಾರೂ ಇಲ್ಲ. ಹಾಗಿರುವಾಗ ಸಂಘದ ಹಣದಲ್ಲಿ ತಂತ್ರಾಂಶ ಕೊಳ್ಳುವಾಗ ಮಾತ್ರ ನಾವೇಕೆ ಬಣ್ಣದ ಕಾಗದ ನೋಡಿ ಸಹಿ ಹಾಕಬೇಕು?

ಮೊದಲಿಗೆ ಸಿದ್ಧ ತಂತ್ರಾಂಶ ಎಂದರೇನು ಅಂತ ಹೇಳಿಬಿಡುತ್ತೇವೆ. ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸಿದ ಅಂಗಿ ಒಂದು ಬಗೆ, ಸಂತೆಯಲ್ಲಿ ನೇತುಹಾಕಿರುವ ರೆಡಿಮೇಡ್ ಅಂಗಿ ಇನ್ನೊಂದು ಬಗೆ. ತಂತ್ರಾಂಶದಲ್ಲೂ ಹೀಗೆಯೇ. ನಮ್ಮ ಸಂಘವೊಂದಕ್ಕೇ ಅಳತೆ ತೆಗೆದು ಬರೆಸುವಷ್ಟು ಶಕ್ತಿ ನಮಗಿಲ್ಲ. ಸಾವಿರಾರು ಜನಕ್ಕೆ ಒಂದೇ ಮಾದರಿಯಲ್ಲಿ ಮಾಡಿ ಮಾರುವುದನ್ನೇ ಕೊಳ್ಳಬೇಕು. ಅದೇನೂ ಕೀಳಲ್ಲ. ನಮ್ಮ ಬೆಂಗಳೂರಿನಲ್ಲೇ 1986ರಲ್ಲಿ ಹುಟ್ಟಿದ ಕಂಪನಿಯ ಟ್ಯಾಲಿ ಎಂಬ ಲೆಕ್ಕದ ಪ್ಯಾಕೇಜು ಇಂದು ದೇಶದ ಸಣ್ಣ ದೊಡ್ಡ ಅಂಗಡಿಗಳಲ್ಲೆಲ್ಲ ಇದೆ. ಬಹಳ ಜನ ಬಳಸಿದ ವಸ್ತುವಿನಲ್ಲಿ ಹುಳುಕು ಬೇಗ ಬಯಲಿಗೆ ಬರುತ್ತದೆ, ಬೆಲೆಯೂ ಕಡಿಮೆ. ಇದು ಲಾಭ.

ಇನ್ನು ತೊಂದರೆ. ರೆಡಿಮೇಡ್ ಅಂಗಿಯನ್ನಾದರೂ ತಿರುಗಿಸಿ ಒಳಹೊಲಿಗೆ ನೋಡಬಹುದು. ಇದರ ಒಳಹೊಲಿಗೆ ನೋಡಲು ಸಾಮಾನ್ಯವಾಗಿ ಮಾರುವವರು ಬಿಡುವುದಿಲ್ಲ, ಬಿಟ್ಟರೂ ನಮಗೆ ತಿಳಿಯುವುದಿಲ್ಲ. ಹಾಗಾದರೆ ಗುಣ ನೋಡುವ ಬಗೆ ಯಾವುದು?

ಬಿತ್ತನೆ ಬೀಜದ ಚೀಲ ನೆನಪಿಸಿಕೊಳ್ಳಿ. ಕಾಳಿನ ಒಳಗೆ ಜೀವ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ 1966ರಲ್ಲಿ ಬೀಜ ಕಾಯ್ದೆ ಬಂತು. ಚೀಲದ ಮೇಲೆ ಚೀಟಿ ಇರಬೇಕು, ಮೊಳಕೆ ಪ್ರಮಾಣ ಬರೆದಿರಬೇಕು. ಪ್ರಮಾಣಿತ ಭತ್ತದ ಬೀಜವಾದರೆ ನೂರಕ್ಕೆ ಕನಿಷ್ಠ 80, ರಾಗಿಯಾದರೆ 75 ಮೊಳೆಯಬೇಕು. ಹುಷಾರಿರುವ ರೈತ ಚೀಟಿ ಓದಿ ಸುಮ್ಮನಾಗುವುದಿಲ್ಲ. ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುತ್ತಾನೆ. ಅಂದರೆ ಒಂದು, ಚೀಟಿಯಲ್ಲಿ ಎಣಿಸಬಹುದಾದ ಮಾತು ಇರಬೇಕು. ಎರಡು, ಆ ಮಾತನ್ನು ನಮ್ಮ ಮನೆಯಲ್ಲೇ ಪರೀಕ್ಷಿಸಬೇಕು.

ಸಿದ್ಧ ತಂತ್ರಾಂಶಕ್ಕೂ ಇಂಥದೇ ಅಂತರರಾಷ್ಟ್ರೀಯ ಮಾನಕ ಇದೆ. ಅದರ ಹೆಸರು ಐ.ಎಸ್.ಓ./ಐ.ಇ.ಸಿ. 25051. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ತಂತ್ರಾಂಶಕ್ಕಾಗಿಯೇ ಬರೆದದ್ದು, 2014ರಲ್ಲಿ ಪರಿಷ್ಕಾರವಾಗಿ ಬಂತು. ಅದು ಮೂರು ವಸ್ತುಗಳನ್ನು ನೋಡಿ ಎನ್ನುತ್ತದೆ. ಮಾರುವವನು ಕೊಡುವ ವಿವರಣೆ, ಬಳಸುವವರಿಗೆ ಕೊಡುವ ಕೈಪಿಡಿ, ಕೊನೆಗೆ ತಂತ್ರಾಂಶ. ವಿವರಣೆಯಲ್ಲಿ ಬರೆದ ಮಾತು ಪರೀಕ್ಷೆ ಮಾಡಿ ನೋಡಬಹುದಾದದ್ದಾಗಿರಬೇಕು ಎಂಬುದು ಅದರ ಮುಖ್ಯ ನಿಯಮ. ನಮ್ಮ ಬೀಜದ ಚೀಟಿಯ ನ್ಯಾಯವೇ ತಾನೆ?

ಈ ನ್ಯಾಯವನ್ನು ನಮ್ಮ ಡೇರಿಗೆ ಹಚ್ಚಿ ನೋಡೋಣ. ನಮ್ಮ ಉಪಸಮಿತಿಯವರು ಮೂರು ಕಂಪನಿಗಳ ಪ್ಯಾಕೇಜು ನೋಡಿದೆವು. ಹೆಸರು ಬೇಡ. ಮೂವರ ಕಾಗದದಲ್ಲೂ ‘ಅತ್ಯಂತ ಸುಲಭ’, ‘ಅತ್ಯಂತ ನಿಖರ’, ‘ನೂರಕ್ಕೆ ನೂರು ಸುರಕ್ಷಿತ’ ಎಂದಿತ್ತು. ಈ ಮಾತುಗಳನ್ನು ಯಾವ ಗೋಣಿಯಲ್ಲಿ ಸುತ್ತಿ ಮೊಳಕೆ ಬರಿಸೋಣ? ನಾವು ವಾಪಸ್ ಕೊಟ್ಟು, ಎಷ್ಟು ಸದಸ್ಯರ ಲೆಕ್ಕ ಹಿಡಿಯುತ್ತೆ, ಎಸ್.ಎನ್.ಎಫ್. ತೆಗೆಯುವ ಸೂತ್ರ ಯಾವುದು, ಪೈಸೆಯನ್ನು ಎಲ್ಲಿ ಕತ್ತರಿಸುತ್ತೆ, ಇಷ್ಟನ್ನು ಬರೆದು ಸಹಿ ಮಾಡಿ ಕೊಡಿ ಅಂದೆವು. ಒಬ್ಬರು ಮತ್ತೆ ಬರಲೇ ಇಲ್ಲ. ಅದೂ ಒಂದು ಪರೀಕ್ಷೆಯೇ ಆಯಿತು.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ತಂತ್ರಾಂಶದ ಪರೀಕ್ಷೆಗೆ ಬೇಕಾದದ್ದು ಉತ್ತರ ಮೊದಲೇ ಗೊತ್ತಿರುವ ಲೆಕ್ಕ. ಅಂಥ ಲೆಕ್ಕ ನಮ್ಮ ಸಂಘದ ಬೀರುವಿನಲ್ಲಿ 25 ವರ್ಷದ್ದು ಇದೆ. ಆಡಿಟ್ ಆಗಿ, ತಾಳೆಯಾಗಿ, ಸಹಿಯಾದ ವಹಿಗಳು. ಅದರಲ್ಲಿ ಹತ್ತು ದಿನದ ಪುಟ ತೆಗೆದು ಹೊಸ ಪ್ಯಾಕೇಜಿಗೆ ಉಣಿಸಿ. ಬರುವ ಉತ್ತರ ವಹಿಯ ಉತ್ತರಕ್ಕೆ ಪೈಸೆ ಪೈಸೆ ಹೊಂದಬೇಕು. ಹೊಂದದಿದ್ದರೆ ಏಕೆ ಅಂತ ಕೇಳಬೇಕು. ಎಲ್ಲೆಲ್ಲಿ ಹೊಂದದೆ ಹೋಗಬಹುದು ಎಂಬುದಕ್ಕೆ ಮೂರು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ಎಸ್.ಎನ್.ಎಫ್. ಲ್ಯಾಕ್ಟೋಮೀಟರಿನ ಡಿಗ್ರಿ ಮತ್ತು ಜಿಡ್ಡು ಎರಡನ್ನೂ ಸೇರಿಸಿ ಇದನ್ನು ಲೆಕ್ಕ ಹಾಕುವ ಸೂತ್ರ ನಮ್ಮ ದೇಶದಲ್ಲಿ ಒಂದಲ್ಲ, ಹಲವು ಇವೆ. ಒಂದು ಸೂತ್ರದಲ್ಲಿ ಡಿಗ್ರಿಯ ಕಾಲುಭಾಗಕ್ಕೆ ಜಿಡ್ಡಿನ 0.21 ಪಾಲು ಸೇರಿಸಿ 0.36 ಕೂಡುತ್ತಾರೆ. ಇನ್ನೊಂದರಲ್ಲಿ ಜಿಡ್ಡಿನ 0.25 ಪಾಲು ಸೇರಿಸಿ 0.44 ಕೂಡುತ್ತಾರೆ. ಡಿಗ್ರಿ 28, ಜಿಡ್ಡು 4.0 ಇರುವ ಹಾಲು ತೆಗೆದುಕೊಳ್ಳಿ. ಮೊದಲನೆಯ ಸೂತ್ರದಲ್ಲಿ 8.20 ಬರುತ್ತದೆ, ಎರಡನೆಯದರಲ್ಲಿ 8.44. ಹಸುವಿನ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಗೊತ್ತುಮಾಡಿರುವ ಕನಿಷ್ಠ ಎಸ್.ಎನ್.ಎಫ್. 8.3. ಅದೇ ಹಸು, ಅದೇ ಹಾಲು, ಅದೇ ಕ್ಯಾನು. ಒಂದು ಸೂತ್ರದಲ್ಲಿ ಹಾಲು ಪಾಸು, ಇನ್ನೊಂದರಲ್ಲಿ ಫೇಲು! ಇಲ್ಲಿ ಮೋಸ ಯಾರದೂ ಇಲ್ಲ. ಲ್ಯಾಕ್ಟೋಮೀಟರು ಯಾವ ಉಷ್ಣಾಂಶಕ್ಕೆ ತಯಾರಾದದ್ದು ಎಂಬುದರ ಮೇಲೆ ಸೂತ್ರ ಬದಲಾಗುತ್ತದೆ. ಆದರೆ ಒಕ್ಕೂಟ ಒಂದು ಸೂತ್ರ ಹಿಡಿದು, ನಮ್ಮ ಪ್ಯಾಕೇಜು ಇನ್ನೊಂದು ಸೂತ್ರ ಹಿಡಿದರೆ ಸದಸ್ಯರೋ ಸಂಘವೋ ಯಾರಾದರೊಬ್ಬರು ಕೈ ಕಚ್ಚಿಕೊಳ್ಳುತ್ತಾರೆ.

ಎರಡನೆಯದು ಕಿಲೋ ಮತ್ತು ಲೀಟರು. ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುತ್ತದೆ. ತಕ್ಕಡಿ ಕಿಲೋ ಹೇಳುತ್ತದೆ, ದರಪಟ್ಟಿ ಲೀಟರಿನಲ್ಲಿ ಇರಬಹುದು. ಪ್ಯಾಕೇಜು ಈ ಬದಲಾವಣೆಯನ್ನು ಮಾಡದೆ ಬಿಟ್ಟರೆ, ಇಲ್ಲವೇ ಎರಡು ಸಲ ಮಾಡಿದರೆ, ನೂರು ಲೀಟರಿಗೆ ಮೂರು ಲೀಟರಿನ ಹಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿರುತ್ತದೆ.

ಮೂರನೆಯದು ಪೈಸೆ. ಪ್ರತಿ ಚೀಟಿಯಲ್ಲಿ ರೂಪಾಯಿಗಿಂತ ಕೆಳಗಿನ ಪೈಸೆಯನ್ನು ಕತ್ತರಿಸುವ ಪ್ಯಾಕೇಜು ಇದೆ ಅಂತ ಇಟ್ಟುಕೊಳ್ಳಿ. ಸರಾಸರಿ ಅರ್ಧ ರೂಪಾಯಿ ಹೋಗುತ್ತದೆ. ಅರ್ಧ ರೂಪಾಯಿಗೆ ಯಾರು ಜಗಳ ಆಡ್ತಾರೆ? ಆದರೆ ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 730 ಚೀಟಿ. ಒಬ್ಬ ಸದಸ್ಯರಿಗೆ ವರ್ಷಕ್ಕೆ 365 ರೂಪಾಯಿ. ಇನ್ನೂರು ಸದಸ್ಯರಿರುವ ಸಂಘವಾದರೆ 73,000 ರೂಪಾಯಿ. ಪ್ರತಿ ಚೀಟಿಯಲ್ಲಿ ಪೈಸೆ ಇಟ್ಟುಕೊಂಡು ಬಟವಾಡೆಯ ದಿನ ಒಟ್ಟು ಮೊತ್ತವನ್ನು ಮಾತ್ರ ಸರಿಪಡಿಸುವುದು ನ್ಯಾಯ.

ಸರಿಯಾದ ಲೆಕ್ಕ ಉಣಿಸಿದ್ದಾಯಿತು. ಇನ್ನು ಬೇಕೆಂದೇ ತಪ್ಪು ಉಣಿಸಬೇಕು. ಜಿಡ್ಡು 4.0 ಬದಲು 40 ಒತ್ತಿ ನೋಡಿ. ‘ಸರಿಯೇ, ನೋಡಿ’ ಎಂದು ಕೇಳುತ್ತದೋ, ತೆಪ್ಪಗೆ ನುಂಗುತ್ತದೋ? ಒಬ್ಬರ ಹಾಲನ್ನು ಒಂದೇ ಹೊತ್ತಿನಲ್ಲಿ ಎರಡು ಸಲ ಬರೆಯಿರಿ. ಒಬ್ಬ ಸದಸ್ಯರ ನಂಬರಿಗೆ ಇನ್ನೊಬ್ಬರ ಬ್ಯಾಂಕ್ ಖಾತೆ ಹಾಕಲು ಹೋಗಿ. ವಾರದ ಮಧ್ಯದಲ್ಲಿ ದರ ಬದಲಿಸಿ, ಹಿಂದಿನ ದಿನದ ಬಿಲ್ಲು ಮತ್ತೆ ತೆಗೆಸಿ. ಕರೆಂಟು ಕಿತ್ತುಹಾಕಿ.

ಈ ಕರೆಂಟಿನ ವಿಷಯ ನಮ್ಮ ಹಿರಿಯ ಸದಸ್ಯರೊಬ್ಬರು ಎತ್ತಿದ್ದು. ಮಾರಾಟಕ್ಕೆ ಬಂದಿದ್ದ ಹುಡುಗನನ್ನು ಅವರು ಕೇಳಿದರು: “ಹಾಲು ಹಾಕ್ಸುವಾಗ ಕರೆಂಟ್ ಹೋದ್ರೆ ಏನಪ್ಪಾ ಗತಿ?”

“ಬ್ಯಾಟರಿ ಇರುತ್ತೆ ಯಜಮಾನ್ರೇ.”

“ಅದಲ್ಲ ಮಗಾ ನಾನು ಕೇಳಿದ್ದು. ಬ್ಯಾಟರಿನೂ ಹೋಯ್ತು ಅನ್ಕೋ. ಅರ್ಧ ಬರೆದ ಲೆಕ್ಕ ಎಲ್ಲಿಗೆ ಹೋಗುತ್ತೆ?”

ಆ ಹುಡುಗ ಒಳ್ಳೆಯವನು, ಸುಳ್ಳು ಹೇಳಲಿಲ್ಲ. ನೋಡೋಣ ಅಂತ ಅಲ್ಲೇ ತಂತಿ ಕಿತ್ತ. ಮತ್ತೆ ಹಚ್ಚಿದಾಗ ಹನ್ನೊಂದು ಜನರ ಹಾಲಿನಲ್ಲಿ ಒಂಬತ್ತು ಜನರದ್ದು ಮಾತ್ರ ಇತ್ತು. ಚೀಟಿ ಹನ್ನೊಂದು ಜನರ ಕೈಗೂ ಹೋಗಿತ್ತು. ಪರೀಕ್ಷೆ ಎಂದರೆ ಇದು. ಹಿರಿಯರು ಓದಿದ್ದು ನಾಲ್ಕನೇ ಕ್ಲಾಸು.

‘ಬೇರೆ ನೂರಾರು ಸಂಘಗಳಲ್ಲಿ ನಡೀತಿದೆ, ನಿಮಗೇನು ಅನುಮಾನ?’ ಅಂತ ಕೇಳುವವರಿದ್ದಾರೆ. ಅಲ್ಲಿ ನಡೆದದ್ದು ಇಲ್ಲಿ ನಡೆಯುತ್ತದೆ ಎಂಬುದಕ್ಕೆ ಖಾತರಿ ಇಲ್ಲ. 1996ರ ಜೂನ್ 4ರಂದು ಯೂರೋಪಿನವರು ಏರಿಯಾನ್-5 ಎಂಬ ಹೊಸ ರಾಕೆಟ್ಟನ್ನು ಮೊದಲ ಸಲ ಹಾರಿಸಿದರು. ಸುಮಾರು 40 ಸೆಕೆಂಡಿನಲ್ಲಿ ಅದು ಆಕಾಶದಲ್ಲೇ ನಾಶವಾಯಿತು. ತನಿಖೆಯಲ್ಲಿ ತಿಳಿದದ್ದು ಏನೆಂದರೆ, ಹಳೆಯ ಏರಿಯಾನ್-4 ರಾಕೆಟ್ಟಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ತಂತ್ರಾಂಶದ ಒಂದು ಭಾಗವನ್ನು ಹಾಗೆಯೇ ಹೊಸದರಲ್ಲಿ ಬಳಸಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು, ಅಂಕಿ ದೊಡ್ಡದಾಯಿತು. ಪಾವು ಹಿಡಿಯುವ ಪಾತ್ರೆಗೆ ಕೊಳಗ ಸುರಿದ ಹಾಗೆ ಆ ಅಂಕಿ ತಂತ್ರಾಂಶದಲ್ಲಿ ಹಿಡಿಸಲಿಲ್ಲ. ಹೊಸ ಹಾರಾಟದ ಅಂಕಿಗಳನ್ನು ಹಾಕಿ ಮೊದಲೇ ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು. ಆದ್ದರಿಂದ ಬೇರೆ ಸಂಘದವರನ್ನು ಖಂಡಿತ ಕೇಳೋಣ. ಬಳಸುತ್ತಿರುವವರನ್ನೂ ಕೇಳೋಣ, ಬಳಸಿ ಬಿಟ್ಟವರನ್ನೂ ಹುಡುಕಿ ಕೇಳೋಣ. ಆದರೆ ನಮ್ಮ ಹಾಲನ್ನು ನಾವೇ ಅಳೆದು ನೋಡೋಣ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಹಣದ ಆಸೆಗಲ್ಲ ಬಂಧುಗಳೇ. ಹಣಕ್ಕಿಂತ ದೊಡ್ಡದು ಮನುಷ್ಯನ ಮಾನ. ನಮ್ಮ ಸಂಘದಲ್ಲೇ ಹಳೆಯ ಪ್ಯಾಕೇಜು ಇದ್ದಾಗ ಒಂದು ವಾರದ ಬಟವಾಡೆ ತಾಳೆಯಾಗಲಿಲ್ಲ. ಯಂತ್ರ ತಪ್ಪು ಮಾಡುತ್ತದೆಯೇ, ಮನುಷ್ಯರೇ ಮಾಡಿರಬೇಕು ಎಂಬ ಮಾತು ಅರಳಿಕಟ್ಟೆಯಲ್ಲಿ ಹುಟ್ಟಿತು. ಬೊಟ್ಟು ನಮ್ಮ ಹಾಲು ಪರೀಕ್ಷಕರ ಕಡೆ ತಿರುಗಿತು. ಎಂಟು ದಿನ ಆ ಮನುಷ್ಯ ತಲೆ ತಗ್ಗಿಸಿಕೊಂಡು ಓಡಾಡಿದರು. ಅವರ ಮನೆಯಾಕೆ ಹಾಲು ಹಾಕಲು ಬರುವುದನ್ನೇ ಬಿಟ್ಟು ಮಗನನ್ನು ಕಳಿಸಿದರು. ಕೊನೆಗೆ ಅವರೇ ಕೈಯಲ್ಲಿ ಬರೆದಿಟ್ಟಿದ್ದ ವಹಿ ಅವರನ್ನು ಕಾಪಾಡಿತು. ಗುರುವಾರ ದರ ಬದಲಾಗಿತ್ತು. ಪ್ಯಾಕೇಜು ಹೊಸ ದರವನ್ನು ಸೋಮವಾರದಿಂದಲೇ ಹಚ್ಚಿಬಿಟ್ಟಿತ್ತು. ವಹಿ ಇಲ್ಲದಿದ್ದರೆ ಆ ಮನುಷ್ಯನ ಗತಿ ಏನು?

ಆ ಗತಿ ಏನಾಗುತ್ತಿತ್ತು ಎಂದು ತಿಳಿಯಲು ಇಂಗ್ಲೆಂಡಿನ ಕಡೆ ನೋಡಬೇಕು. ಅಲ್ಲಿ ಹಳ್ಳಿ ಹಳ್ಳಿಯ ಸಣ್ಣ ಅಂಚೆ ಕಚೇರಿಗಳಿಗೆ 1999ರಿಂದ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ಹಾಕಿದರು. ಒದಗಿಸಿದ್ದು ಫುಜಿತ್ಸು ಎಂಬ ಬಹಳ ದೊಡ್ಡ ಸಂಸ್ಥೆ. ಅದು ಸಿದ್ಧ ಪ್ಯಾಕೇಜಲ್ಲ, ದೊಡ್ಡ ಮೊತ್ತ ಕೊಟ್ಟು ಅಳತೆಗೆ ಹೊಲಿಸಿದ್ದು. ಆದರೂ ಕೈಯಲ್ಲಿರುವ ಹಣಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗದೆ, ಇಷ್ಟು ಹಣ ಕಡಿಮೆ ಇದೆ ಎಂದು ಯಂತ್ರ ತೋರಿಸತೊಡಗಿತು. ಅಂಚೆಯವರು ಸಹಾಯ ಕೇಳಿದರೆ, ನಿಮ್ಮೊಬ್ಬರಿಗೇ ಈ ತೊಂದರೆ, ಬೇರೆ ಯಾರಿಗೂ ಇಲ್ಲ ಎಂಬ ಉತ್ತರ ಬಂತು ಎಂದು ಎಷ್ಟೋ ಮಂದಿ ಸಾಕ್ಷಿ ಹೇಳಿದ್ದಾರೆ. ಯಂತ್ರವನ್ನು ನಂಬಿದರು, ಮನುಷ್ಯರನ್ನು ನಂಬಲಿಲ್ಲ. 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕ ಎಂದು ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಎಷ್ಟೋ ಮಂದಿ ಮನೆ ಮಾರಿ ಇಲ್ಲದ ಸಾಲ ತೀರಿಸಿದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಅಲನ್ ಬೇಟ್ಸ್ ಎಂಬ ಒಬ್ಬ ಅಂಚೆಯವರು ಬಿಡಲಿಲ್ಲ. ಅವರಂಥ 555 ಮಂದಿ ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ತೀರ್ಪು ಬಂತು. ತಂತ್ರಾಂಶದಲ್ಲಿ ದೋಷಗಳಿದ್ದವು, ಅವುಗಳಿಂದಲೇ ಲೆಕ್ಕದಲ್ಲಿ ಕೊರತೆ ಬರುವ ಸಂಭವವಿತ್ತು, ಕಂಪನಿಯವರು ದೂರದಲ್ಲಿ ಕುಳಿತೇ ಅಂಚೆ ಕಚೇರಿಯ ಲೆಕ್ಕವನ್ನು ತಿದ್ದಬಹುದಾಗಿತ್ತು ಎಂದು ನ್ಯಾಯಾಲಯ ಹೇಳಿತು. 2024ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿ ಆ ಶಿಕ್ಷೆಗಳನ್ನು ರದ್ದು ಮಾಡಿತು. ಇಪ್ಪತ್ತು ವರ್ಷ ಹೋದದ್ದು ಹೋಯಿತು. ಒಬ್ಬೊಬ್ಬರೇ ಇದ್ದಾಗ ಸೋತರು, ಒಟ್ಟಾದಾಗ ಗೆದ್ದರು. ಇದಕ್ಕೇ ಅಲ್ಲವೇ ನಾವು ಸಹಕಾರ ಎನ್ನುವುದು?

ಆದ್ದರಿಂದ ಪ್ಯಾಕೇಜು ಲೆಕ್ಕ ಸರಿಯಾಗಿ ಮಾಡುವುದರ ಜೊತೆಗೆ ಇನ್ನೂ ನಾಲ್ಕು ಗುಣ ಇರಬೇಕು. ಒಂದು, ಯಾವ ಅಂಕಿಯನ್ನು ಯಾರು ಯಾವಾಗ ತಿದ್ದಿದರು, ಮೊದಲು ಏನಿತ್ತು ಎಂಬುದು ಅಳಿಸಲಾಗದಂತೆ ದಾಖಲಾಗಬೇಕು. ಕಂಪನಿಯವರು ದೂರದಿಂದ ತಿದ್ದಿದರೂ ಅದು ಕಾಣಬೇಕು. ಎರಡು, ಸದಸ್ಯರ ಕೈಗೆ ಬರುವ ಚೀಟಿ ಕನ್ನಡದಲ್ಲಿರಬೇಕು. ತೂಕ, ಜಿಡ್ಡು, ಎಸ್.ಎನ್.ಎಫ್., ದರ, ಮೊತ್ತ ಐದೂ ಅದರಲ್ಲಿರಬೇಕು. ಚೀಟಿ ಓದಬಲ್ಲ ಸದಸ್ಯರಿಗಿಂತ ದೊಡ್ಡ ಆಡಿಟರ್ ಇಲ್ಲ. ಮೂರು, ನಮ್ಮ ಲೆಕ್ಕ ನಾವು ಬೇಕೆಂದಾಗ ಸಾಮಾನ್ಯ ರೂಪದಲ್ಲಿ ಹೊರಗೆ ಬರಬೇಕು. ಹಳೆಯ ಪ್ಯಾಕೇಜಿನ ಕಂಪನಿ ಬಾಗಿಲು ಹಾಕಿದಾಗ ಹನ್ನೆರಡು ವರ್ಷದ ಲೆಕ್ಕ ಒಳಗೇ ಉಳಿಯಿತು. ಮುದ್ರಿಸಿ ಕಟ್ಟಿಟ್ಟಿದ್ದ ಪುಸ್ತಕಗಳಿಂದ ನಾವು ಬಚಾವಾದೆವು. ಹುಲ್ಲಿನ ಬಣವೆ ನಮ್ಮದು, ಕಣದ ಬೀಗ ಇನ್ನೊಬ್ಬರದ್ದು ಎಂಬಂತೆ ಆಗಬಾರದು. ನಾಲ್ಕು, ಮೊದಲ ಬೆಲೆಯಷ್ಟೇ ಅಲ್ಲ, ವರ್ಷ ವರ್ಷದ ಸೇವಾ ಶುಲ್ಕ ಎಷ್ಟು, ಕೆಟ್ಟರೆ ಎಷ್ಟು ಗಂಟೆಯಲ್ಲಿ ಬರುತ್ತಾರೆ ಎಂಬುದು ಬರವಣಿಗೆಯಲ್ಲಿರಬೇಕು. ಸಂಜೆಯ ಹಾಲು ಬೆಳಗಿನವರೆಗೆ ಕಾಯುವುದಿಲ್ಲ.

ಕೆಲವರು ಹೇಳ್ತಾರೆ, ಸರ್ಕಾರವೇ ತಂತ್ರಾಂಶ ಕೊಡುವಾಗ ಈ ರಗಳೆ ಏಕೆ ಅಂತ. ನಿಜ, ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. 63,000 ಸಂಘಗಳು, 2,516 ಕೋಟಿ ರೂಪಾಯಿ, ದೇಶಕ್ಕೆಲ್ಲ ಒಂದೇ ತಂತ್ರಾಂಶ ಎಂಬ ಯೋಜನೆ. ಒಳ್ಳೆಯ ಕೆಲಸ. ಮುಂದೆ ನಮ್ಮಂಥ ಹಾಲಿನ ಸಂಘಗಳಿಗೂ ಹಾಗೆ ಬಂದರೆ ಸಂತೋಷ. ಆದರೆ ದಾನವಾಗಿ ಬಂದ ಬೀಜವನ್ನೂ ಮೊಳಕೆ ನೋಡಿಯೇ ಬಿತ್ತಬೇಕು. ಬೆಲೆ ಕೊಟ್ಟಿಲ್ಲ ಅಂತ ಬೆಳೆ ಬಿಟ್ಟುಕೊಡಲಾದೀತೇ?

ಇನ್ನು ಕೆಲವರು, ಹಾಗಾದರೆ ಯಂತ್ರವೇ ಬೇಡ, ಹಳೆಯ ಪದ್ಧತಿಯೇ ಚೆನ್ನ ಎನ್ನಬಹುದು. ಅದೂ ಸರಿಯಲ್ಲ. ಗರ್ಬರ್ ಪರೀಕ್ಷೆಯಲ್ಲಿ ಆಮ್ಲ ಹಾಕಿ, ತಿರುಗಿಸಿ, ಒಬ್ಬೊಬ್ಬರ ಹಾಲಿನ ಜಿಡ್ಡು ನೋಡುವಷ್ಟರಲ್ಲಿ ಸೂರ್ಯ ನೆತ್ತಿಗೆ ಬರುತ್ತಿದ್ದ. ಈಗ ನಿಮಿಷದಲ್ಲಿ ಚೀಟಿ ಕೈಗೆ ಬರುತ್ತದೆ, ಹಣ ನೇರವಾಗಿ ಖಾತೆಗೆ ಹೋಗುತ್ತದೆ. ಯಂತ್ರ ಬೇಕು. ಆದರೆ ಅದರ ಮೇಲೆ ನಮ್ಮ ಕಣ್ಣೂ ಇರಬೇಕು. ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಲೆಕ್ಕದ ಪ್ಯಾಕೇಜಿಗೆ ಮುದ್ರೆ ಹಾಕಬೇಕಾದವರು ಸದಸ್ಯರಾದ ನಾವು.

ಅದಕ್ಕಾಗಿ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡಲಿದ್ದೇವೆ. ಮೊದಲನೆಯದು, ಯಾವುದೇ ಪ್ಯಾಕೇಜಿಗೆ ಹಣ ಕೊಡುವ ಮೊದಲು ನಮ್ಮ ಹತ್ತು ದಿನದ ಹಳೆಯ ಲೆಕ್ಕವನ್ನು ಅದರಲ್ಲಿ ತೆಗೆಸಿ, ವಹಿಯ ಜೊತೆ ತಾಳೆ ನೋಡಿ, ಫಲಿತಾಂಶವನ್ನು ಡೇರಿಯ ಗೋಡೆಗೆ ಅಂಟಿಸಬೇಕು. ಎರಡನೆಯದು, ಕೊಂಡ ಮೇಲೆ ಮೂರು ತಿಂಗಳು ಕೈವಹಿ ಮತ್ತು ಯಂತ್ರ ಎರಡೂ ಜೊತೆಯಾಗಿ ನಡೆಯಬೇಕು. ಆಮೇಲೂ ತಿಂಗಳಿಗೊಮ್ಮೆ ಯಾರಾದರೂ ಹತ್ತು ಸದಸ್ಯರ ಚೀಟಿ ಎತ್ತಿ, ಕೈಯಲ್ಲಿ ಲೆಕ್ಕ ಹಾಕಿ ನೋಡಬೇಕು. ಪ್ಯಾಕೇಜಿನಲ್ಲಿ ಏನಾದರೂ ಬದಲಾವಣೆ ಮಾಡಿದ ದಿನವಂತೂ ತಪ್ಪದೆ ನೋಡಬೇಕು. ಮೂರನೆಯದು ಬಹಳ ಮುಖ್ಯ. ಯಂತ್ರದ ಲೆಕ್ಕಕ್ಕೂ ಮನುಷ್ಯನ ಲೆಕ್ಕಕ್ಕೂ ವ್ಯತ್ಯಾಸ ಬಂದರೆ, ಯಂತ್ರವನ್ನೂ ಪರೀಕ್ಷಿಸಿ ವರದಿ ಬರುವವರೆಗೆ ಸಂಘದ ಯಾವ ನೌಕರರ ಮೇಲೂ, ಯಾವ ಸದಸ್ಯರ ಮೇಲೂ ಆರೋಪ ಹೊರಿಸಬಾರದು. ಈ ಮೂರನೆಯದನ್ನು ನಡವಳಿ ಪುಸ್ತಕದಲ್ಲಿ ಠರಾವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, ಈ ಸಂಘ ಕಟ್ಟಿದ ದಿನವೇ ಲ್ಯಾಕ್ಟೋಮೀಟರು ಇಳಿಬಿಟ್ಟು ನೋಡಿದರು. ಅಧ್ಯಕ್ಷರ ಮನೆಯ ಹಾಲಿಗೂ ಅದೇ ಲ್ಯಾಕ್ಟೋಮೀಟರು, ಒಂದು ಲೀಟರು ತರುವ ಅಜ್ಜಿಯ ಹಾಲಿಗೂ ಅದೇ. ಇಪ್ಪತ್ತೈದು ವರ್ಷ ಸಂಘ ನಿಂತಿರುವುದು ಆ ಒಂದು ನ್ಯಾಯದ ಮೇಲೆ. ಪಟ್ಟಣದಿಂದ ಬರುವ ತಂತ್ರಾಂಶಕ್ಕೂ ಅದೇ ಅಳತೆ ಇರಲಿ.



ಜೈ ಸಹಕಾರ, ಜೈ ಕರ್ನಾಟಕ.